ಕೆಟಿ ಸೈನ್-ಆಫ್‌ಗೆ ಮುಂಚೆ ನಾವು ಅಳೆಯುವುದು ಏನನ್ನು?

"ತಿಳೀತ್ರಿಲ್ಲೋ?" ಅಂತ ಕೇಳಿದರೆ ನಮ್ಮ ಕಡೆ ಬರುವ ಉತ್ತರ ಒಂದೇ: "ಹೂನ್ರಿ ಸರ, ತಿಳೀತ್ರಿ." ಈ ಉತ್ತರದ ಮೇಲೆ ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಸಾಫ್ಟ್‌ವೇರ್ ನೋಡಿಕೊಳ್ಳುವವರು ತಮ್ಮ ತಿಳಿವಳಿಕೆಯನ್ನು ಹೊಸಬರಿಗೆ ಹಸ್ತಾಂತರಿಸುವುದು) ಮುಗಿಯಿತೆಂದು ಸಹಿ ಹಾಕಿದರೆ ಮುಂದಿನ ಸೀಸನ್‌ನಲ್ಲಿ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಎಷ್ಟು ಗಂಟೆ ಸೆಷನ್ ಆಯಿತು, ಎಷ್ಟು ಜನ ಕುಳಿತಿದ್ದರು, ಎಷ್ಟು ಪುಟ ಡಾಕ್ಯುಮೆಂಟ್ ಕೊಟ್ಟರು ಎಂಬ ಲೆಕ್ಕವೆಲ್ಲ ಕೊಡುವವರ ಶ್ರಮದ್ದು. ಅಳೆಯಬೇಕಾದದ್ದು, ಕೊಡುವವರು ಕೀಬೋರ್ಡ್ ಮುಟ್ಟದೆ ಕುಳಿತಾಗ ಪಡೆದವರ ಕೈಯಿಂದ ಏನು ಆಗುತ್ತದೆ ಎಂಬುದನ್ನು. ಹುಬ್ಬಳ್ಳಿಯಲ್ಲಿ ಕುಳಿತು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ, ಕೋಲ್ಡ್ ಸ್ಟೋರೇಜ್‌ಗಳ ಇಆರ್‌ಪಿ (ಇಡೀ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಹಸ್ತಾಂತರ ಮಾಡುವಾಗ ನಾವು ಪಾಲಿಸುವ ಕ್ರಮ ಇದು.

ಮೊದಲ ಕೆಲಸ, ಪಡೆಯುವವರು ನಿಭಾಯಿಸಬೇಕಾದ ಸಮಸ್ಯೆಗಳ ಪಟ್ಟಿ. ಅದನ್ನು ಡಾಕ್ಯುಮೆಂಟಿನ ಪರಿವಿಡಿಯಿಂದ ತೆಗೆಯಬೇಡಿ. ಹಿಂದಿನ 12 ತಿಂಗಳ ಟಿಕೆಟ್‌ಗಳಿಂದ (ಬಳಸುವವರು ದಾಖಲಿಸಿದ ದೂರುಗಳಿಂದ) ತೆಗೆಯಿರಿ. ಪ್ರತಿ ಬಗೆಯ ಟಿಕೆಟ್ ಎದುರು ಮೂರು ವಿಷಯ ಬರೆಯಿರಿ: ಎಷ್ಟು ಸಲ ಬಂತು, ಬಂದಾಗ ಎಷ್ಟು ಹೊತ್ತು ಕೆಲಸ ನಿಂತಿತು, ಅದನ್ನು ಬಿಡಿಸಿದವರು ಎಷ್ಟು ಜನ. ಮೂರನೆಯ ಕಾಲಂನಲ್ಲಿ "ಒಬ್ಬರೇ" ಎಂದಿರುವ ಸಾಲುಗಳೇ ಕೆಟಿಯ ತಿರುಳು. ವರ್ಷಕ್ಕೊಮ್ಮೆ ಬರುವವನ್ನು ಪ್ರತ್ಯೇಕವಾಗಿ ಸೇರಿಸಿ. ಏಪ್ರಿಲ್ 1ಕ್ಕೆ ಬಿಲ್ ನಂಬರಿನ ಹೊಸ ಸರಣಿ ಶುರುವಾಗಬೇಕು. ಜಿಎಸ್‌ಟಿ ನಿಯಮದ ಪ್ರಕಾರ ನಂಬರ್ 16 ಅಕ್ಷರ ಮೀರುವಂತಿಲ್ಲ, ಆ ಆರ್ಥಿಕ ವರ್ಷದಲ್ಲಿ ಮರುಕಳಿಸುವಂತಿಲ್ಲ. ಆಗಸ್ಟ್‌ನಲ್ಲಿ ನಡೆಯುವ ಆರು ವಾರದ ಕೆಟಿಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ. ದಿನಕ್ಕೆ ಲಕ್ಷಕ್ಕೂ ಮೀರಿ ಚೀಲಗಳ ಆವಕವಾಗುವ ಸೀಸನ್ನಿನ ಒತ್ತಡವೂ ಆಗ ಇರುವುದಿಲ್ಲ. ಹಾಗಾಗಿ ಟೆಸ್ಟ್ ಸರ್ವರ್‌ನ ದಿನಾಂಕ ಮಾರ್ಚ್ 31ಕ್ಕೆ ಬದಲಿಸಿ, ವರ್ಷಾಂತ್ಯದ ಕ್ಲೋಸಿಂಗ್ ಪೂರ್ತಿ ಮಾಡಿಸುತ್ತೇವೆ.

ಪಟ್ಟಿಯ ಪ್ರತಿ ಸಾಲಿಗೆ, ಪ್ರತಿ ವ್ಯಕ್ತಿಗೆ 0ಯಿಂದ 4ರವರೆಗೆ ಅಂಕ. ಏನೂ ಗೊತ್ತಿಲ್ಲದಿದ್ದರೆ 0. ಎಲ್ಲಿ ನೋಡಬೇಕೆಂದು ಹೇಳಬಲ್ಲರೆ 1, ರನ್‌ಬುಕ್ (ಹಂತ ಹಂತವಾಗಿ ಮಾಡುವ ಕ್ರಮ ಬರೆದಿಟ್ಟ ಕೈಪಿಡಿ) ಹಿಡಿದು ಮಾಡಬಲ್ಲರೆ 2, ಯಾರನ್ನೂ ಕೇಳದೆ ನಿಗದಿತ ಸಮಯದಲ್ಲಿ ಮಾಡಿದರೆ 3. ಪರಿಸ್ಥಿತಿ ಸ್ವಲ್ಪ ಬದಲಾದರೂ ನಿಭಾಯಿಸಿ, ವ್ಯವಸ್ಥೆ ಹೀಗೇ ಏಕಿದೆ ಎಂದು ವಿವರಿಸಿದರೆ 4. ಕೆಲಸ ನಿಲ್ಲಿಸುವಂಥ ಪ್ರತಿ ಸಾಲಿಗೆ ಕನಿಷ್ಠ ಇಬ್ಬರು 3 ಅಥವಾ ಅದಕ್ಕಿಂತ ಮೇಲೆ, ಅವರಲ್ಲಿ ಒಬ್ಬರಾದರೂ 4ರಲ್ಲಿ ಇರಬೇಕು. ಸರಾಸರಿ ತೆಗೆಯಬೇಡಿ. ಹತ್ತು ಸುಲಭದ ಸಾಲುಗಳ 4 ಸೇರಿ ಒಂದು ಅಪಾಯಕಾರಿ 1 ಅನ್ನು ಮುಚ್ಚಿಬಿಡುತ್ತವೆ. ಈ ಅಂಕಗಳು ಎಚ್‌ಆರ್‌ ಕೈಗೆ ಹೋಗಕೂಡದು. ಅಪ್ರೈಸಲ್‌ಗೆ ಬಳಸುತ್ತಾರೆಂಬ ಸುಳಿವು ಸಿಕ್ಕರೂ ಸಾಕು, ಗೊತ್ತಿಲ್ಲ ಎನ್ನುವವರು ಸುಮ್ಮನಾಗುತ್ತಾರೆ.

ರಿವರ್ಸ್ ಕೆಟಿಯಲ್ಲಿ ಪಡೆದವರು ವಿವರಿಸಬೇಕು, ಕೊಟ್ಟವರು ಮಾತಾಡಬಾರದು. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಕೊನೆಗೆ ಕೇಳಬೇಕು: ಈ ಜಾಬ್ (ಸರ್ವರ್‌ನಲ್ಲಿ ತಾನಾಗಿಯೇ ಓಡುವ ಕೆಲಸ) ಅರ್ಧಕ್ಕೆ ನಿಂತರೆ ಏನು? ಎರಡು ಸಲ ಓಡಿದರೆ? ಇದನ್ನು ಕನ್ನಡದಲ್ಲೇ ಮಾಡಿಸಿ. ಸ್ಲೈಡ್ ಇಂಗ್ಲಿಷಿನಲ್ಲಿರಲಿ, ವಿವರಣೆ ಅವರು ದಿನಾ ಆಡುವ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿ ನಡೆಸಿದರೆ ಅಂಕ ಬೀಳುವುದು ಇಂಗ್ಲಿಷಿಗೆ. "ಇಲ್ಲಿ ನನಗ ಸಂಶಯ ಐತ್ರಿ" ಎಂಬ ಮಾತು ಹೊರಬರುವುದು ಕನ್ನಡದಲ್ಲಿ ಮಾತಾಡುವಾಗ ಮಾತ್ರ, ಮತ್ತು ನಮಗೆ ಬೇಕಾದದ್ದು ಆ ಮಾತೇ.

ನಿಜವಾದ ಪರೀಕ್ಷೆ ಎಂದರೆ ಬೇಕಂತಲೇ ಕೆಡಿಸಿ ಕೊಡುವುದು. ಟೆಸ್ಟ್ ಸರ್ವರ್‌ನಲ್ಲಿ ಹಳೆಯ ಟಿಕೆಟ್ಟೊಂದರ ದೋಷವನ್ನೇ ಹಾಕಿ, ಎರಡು ವಿವರ ಬದಲಿಸಿ. ಕಂಠಪಾಠದ ಉತ್ತರ ಆಗ ಕೆಲಸಕ್ಕೆ ಬರುವುದಿಲ್ಲ. ಉದಾಹರಣೆಗೆ, ಲಾಗ್ (ಸಾಫ್ಟ್‌ವೇರ್ ಬರೆದಿಡುವ ದಾಖಲೆ) ತುಂಬಿ ಡಿಸ್ಕ್‌ನಲ್ಲಿ ಜಾಗವಿಲ್ಲ. ವೇಬ್ರಿಡ್ಜ್‌ನ (ಲಾರಿ ತೂಗುವ ಕಾಟಾ) ಇಂಡಿಕೇಟರ್ ಬದಲಾಗಿದೆ, ಸೀರಿಯಲ್ ಪೋರ್ಟ್‌ನ ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಹೊಂದದೆ ತೂಕದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುತ್ತಿವೆ. ಮೊನ್ನೆಯ ಇ-ಇನ್‌ವಾಯ್ಸ್ ತಪ್ಪಾಗಿದೆ, ರದ್ದು ಮಾಡಬೇಕು. ಈ ಕೊನೆಯದರಲ್ಲಿ ಬಹಳ ಜನ ಕ್ಯಾನ್ಸಲ್ ಬಟನ್ ಹುಡುಕುತ್ತಲೇ ಇರುತ್ತಾರೆ; ಪೋರ್ಟಲ್‌ನಲ್ಲಿ ರದ್ದತಿಗೆ ಇರುವುದು 24 ಗಂಟೆ, ಆಮೇಲೆ ಸಾಮಾನ್ಯವಾಗಿ ಹಿಡಿಯುವ ದಾರಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿತಗೊಳಿಸುವ ಪತ್ರ). ಇಲ್ಲಿ ಮೂರನ್ನು ದಾಖಲಿಸುತ್ತೇವೆ: ಮೂಲ ಕಾರಣ ಹಿಡಿಯಲು ಹಿಡಿದ ನಿಮಿಷ, ಎಷ್ಟು ಸಲ ಸಹಾಯ ಕೇಳಿದರು, ಬಿಡಿಸುವ ಭರದಲ್ಲಿ ಬೇರೇನನ್ನಾದರೂ ಕೆಡಿಸಿದರೇ. ಮೂರನೆಯದು "ಹೌದು" ಆದರೆ ಎಷ್ಟು ಬೇಗ ಬಿಡಿಸಿದರೂ 2ಕ್ಕಿಂತ ಹೆಚ್ಚು ಅಂಕವಿಲ್ಲ.

ಹಸ್ತಾಂತರದಲ್ಲಿ ಹೆಚ್ಚು ಸೋರಿಹೋಗುವುದು ಕಾರಣಗಳು. ಲಾರಿ ವೇಬ್ರಿಡ್ಜ್ ಏರಿದ ಮೇಲೆ ಅಂಕಿ ಕೆಲಹೊತ್ತು ಏರಿಳಿಯುತ್ತದೆ. ಅದಕ್ಕೇ ಪ್ರೋಗ್ರಾಂ ಒಂದೇ ಅಂಕಿ ಸತತ ಐದು ಸಲ ಬರುವವರೆಗೆ ಕಾಯುವಂತೆ ಬರೆದಿರುತ್ತಾರೆ. ಕಾರಣ ಗೊತ್ತಿಲ್ಲದ ಹೊಸಬರು ಸ್ಕ್ರೀನ್ ನಿಧಾನವೆಂದು ಆ ಕಾಯುವಿಕೆಯನ್ನು ತೆಗೆದರೆ ಓಲಾಡುವ ತೂಕವೇ ಬಿಲ್ಲಿಗೆ ಹೋಗುತ್ತದೆ. ಕೋಡ್ ಓದಿದರೆ ಕಾಯುವುದು ಕಾಣುತ್ತದೆ, ಏಕೆ ಎಂಬುದು ಕಾಣುವುದಿಲ್ಲ. ಅದಕ್ಕೆ ಪ್ರತಿ ಮಾಡ್ಯೂಲ್‌ಗೆ ಒಂದು ಪ್ರಶ್ನೆ ಕಡ್ಡಾಯ: "ಈ ಸಾಲು ತೆಗೆದರೆ ಯಾರ ರೊಕ್ಕ ಹೋಗ್ತೈತಿ?"

ರನ್‌ಬುಕ್ ಪರೀಕ್ಷಿಸುವವರು ಯಾವ ಸೆಷನ್‌ನಲ್ಲೂ ಕೂಡದ ಮೂರನೆಯವರಾಗಿರಲಿ. ಖಾಲಿ ಮಷೀನ್ ಕೊಟ್ಟು, ಬ್ಯಾಕಪ್‌ನಿಂದ ಇಡೀ ವ್ಯವಸ್ಥೆ ಎಬ್ಬಿಸಲು ಹೇಳಿ, ಅವರು ನಿಂತ ಜಾಗಗಳನ್ನೆಲ್ಲ ಗುರುತಿಸಿ.

ಬಿಟ್ಟುಹೋಗುವವರ ಯೂಸರ್ ಐಡಿಯನ್ನು ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಒಂದು ಇಡೀ ದಿನ ಬಂದ್ ಮಾಡಿ. ರಾತ್ರಿಯ ಜಾಬ್‌ಗಳಲ್ಲಿ ಯಾವುವು ಅವರ ಹೆಸರಲ್ಲೇ ಓಡುತ್ತಿದ್ದವು ಎಂಬುದು ಬೆಳಗಾಗುವುದರೊಳಗೆ ತಿಳಿಯುತ್ತದೆ.

ಕೊನೆಯ ಹಂತದಲ್ಲಿ ಹಳೆಯ ತಂಡ ಫೋನಿನಲ್ಲಿ ಮಾತ್ರ ಸಿಗುತ್ತದೆ. ವಾರಕ್ಕೆ 40 ಟಿಕೆಟ್ ಬಂದವು, 34 ಕೇಳದೆ ಮುಗಿದವು, ಅವುಗಳಲ್ಲಿ 3 ಮತ್ತೆ ತೆರೆದವು ಎಂದುಕೊಳ್ಳಿ. ಲೆಕ್ಕಕ್ಕೆ ಬರುವುದು 31, ಅಂದರೆ ಶೇ. 77.5. ನಾವು ಸತತ ಎರಡು ವಾರ ಶೇ. 85 ದಾಟುವವರೆಗೆ ಸಹಿ ಹಾಕುವುದಿಲ್ಲ, ಆ ಎರಡರಲ್ಲೊಂದು ವಾರ ತಿಂಗಳ ಕ್ಲೋಸಿಂಗ್‌ನದ್ದಾಗಿರಬೇಕು. ಕೊನೆಯ ಕಂತಿನ ಹಣ ಈ ಸಹಿಗೆ ಅಂಟಿಕೊಂಡಿದ್ದರೆ ಎರಡೂ ಕಡೆಯವರಿಗೆ ಬೇಗ "ಆಯ್ತು" ಎನ್ನುವ ಅವಸರ. ಹಾಗಾಗಿ ಕಂತಿನ ಒಂದು ಪಾಲನ್ನು 90ನೇ ದಿನದ ಮರುಪರೀಕ್ಷೆಗೆ ಕಟ್ಟುವಂತೆ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಆ ದಿನ 3ರಿಂದ 2ಕ್ಕೆ ಇಳಿದ ಸಾಲುಗಳಿಗೆ ಮತ್ತೆ ಸೆಷನ್ ಬೇಡ. ಅದೇ ದೋಷವನ್ನು ಮತ್ತೆ ಹಾಕಿ ಕೊಟ್ಟು, ಅವರ ಕೈಯಿಂದಲೇ ರನ್‌ಬುಕ್ ತಿದ್ದಿಸಿ.