ಚಿಕ್ಕಪ್ಪನ ಸ್ಪೆಕ್ಟ್ರಮ್‌ಗೆ ಕರೆಂಟ್ ಕೊಡುವ ಮುಂಚೆ

ನಮ್ಮ ಚಿಕ್ಕಪ್ಪ 1984ರಲ್ಲಿ ಇಂಗ್ಲೆಂಡಿನಿಂದ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಮಂಡ್ಯದ ನಮ್ಮ ಮನೆಯಲ್ಲಿ ಈಗಲೂ ಓಡುತ್ತಿದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಸಿಕ್ಕಿದರೆ ದಯವಿಟ್ಟು ತಕ್ಷಣ ಪ್ಲಗ್ ಹಾಕಬೇಡಿ. ಮೊದಲು ಅಡಾಪ್ಟರ್ ನೋಡಿ.

ಇದಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, 1.4 ಆಂಪ್. ಪಿನ್ನಿನ ನಡುವೆ ಮೈನಸ್, ಹೊರಗಡೆ ಪ್ಲಸ್. ಈಗ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ಇದು ಉಲ್ಟಾ. ಆದರೂ ಪಿನ್ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ನಮ್ಮ ಹಳೇ ಅಡಾಪ್ಟರ್ ಕೈಕೊಟ್ಟಾಗ ಅಂಗಡಿಯವರು "9 ವೋಲ್ಟೇ ಅಲ್ವಾ, ಆಗುತ್ತೆ" ಅಂತ ಒಂದು ಕೊಟ್ಟರು. ನಂಬಿ ಚುಚ್ಚಿದೆ. ಟಿವಿಯಲ್ಲಿ ಬರೀ ಪಟ್ಟೆ. ಒಳಗೆ ಟಿಆರ್4 ಅನ್ನುವ ಟ್ರಾನ್ಸಿಸ್ಟರ್ ಸುಟ್ಟಿತ್ತು. ಅದು ಹೋದರೆ ಮೆಮೊರಿ ಚಿಪ್‌ಗಳಿಗೆ ಬೇಕಾದ 12 ವೋಲ್ಟ್ ಬರುವುದಿಲ್ಲ. ಚಿಕ್ಕಪ್ಪನಿಗೆ ಈ ವಿಷಯ ಹೇಳುವಾಗ ನನಗೆ ಗಂಟಲು ಕಟ್ಟಿತ್ತು.

ಹಾಗಾಗಿ ಮಲ್ಟಿಮೀಟರಿನಿಂದ ಅಳೆಯದೆ ಮುಂದೆ ಹೋಗಬೇಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಪಿನ್ನಿನ ತೂತಿಗೆ, ಕಪ್ಪು ಕಡ್ಡಿ ಹೊರಗಿನ ಲೋಹಕ್ಕೆ. ಅಂಕಿಯ ಮುಂದೆ ಮೈನಸ್ ಬಂದರೆ ಸರಿ. ಕಂಪ್ಯೂಟರಿನ ಜೊತೆ ಬಂದ ಮೂಲ ಅಡಾಪ್ಟರ್ ಆದರೆ ಹೀಗೆ ಅಳೆದಾಗ 12-13 ತೋರಿಸಬಹುದು. ಗಾಬರಿ ಬೇಡ, ಕಂಪ್ಯೂಟರಿಗೆ ಸಿಕ್ಕಿಸಿ ಲೋಡ್ ಬಿದ್ದಾಗ ಇಳಿಯುತ್ತದೆ. ಅದರ ವೈರ್ ಬಿರುಕು ಬಿಟ್ಟಿದ್ದರೆ ಮಾತ್ರ ಬಳಸಬೇಡಿ, ಬಿಚ್ಚಲೂ ಬೇಡಿ. ಒಳಗೆ 230 ವೋಲ್ಟ್ ಇರುತ್ತದೆ.

ಸ್ಪೆಕ್ಟ್ರಮ್‌ಗೆ ಸ್ವಿಚ್ಚೇ ಇಲ್ಲ. ಟಿವಿ ವೈರ್, ಟೇಪ್ ರೆಕಾರ್ಡರ್, ಹಿಂದಿನ ಕನೆಕ್ಟರಿಗೆ ಸಿಕ್ಕಿಸುವ ಏನೇ ಇದ್ದರೂ ಮೊದಲೇ ಸಿಕ್ಕಿಸಿ. ಕರೆಂಟ್ ಕೊನೆಗೆ. ತೆಗೆಯುವಾಗ ಕರೆಂಟೇ ಮೊದಲು. ಓಡುತ್ತಿರುವಾಗ ಹಿಂದಿನ ಕನೆಕ್ಟರ್ ಅಲುಗಾಡಿದರೂ ಚಿಪ್ ಹೋಗಬಹುದು. ಟಿವಿಯನ್ನು ಯುಹೆಚ್ಎಫ್ 36ನೇ ಚಾನೆಲ್ ಹತ್ತಿರ ಟ್ಯೂನ್ ಮಾಡಿ. ತೆರೆಯ ಕೆಳಗೆ 1982 ಅಂತ, ಇದನ್ನು ತಯಾರಿಸಿದ ಸಿಂಕ್ಲೇರ್ ಕಂಪನಿಯ ಸಾಲು ಬಂದರೆ ಗೆದ್ದಿರಿ. ಮಧ್ಯೆ ಮನೆಯ ಕರೆಂಟ್ ಹೋದರೆ ಪಿನ್ ತೆಗೆದುಬಿಡಿ. ವಾಪಸ್ ಬಂದು ಸ್ವಲ್ಪ ಹೊತ್ತು ಸ್ಥಿರವಾಗಿ ನಿಂತ ಮೇಲೆ ಹಾಕಿ.

ಒಳಗೆ ವೋಲ್ಟೇಜನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್ ಚೆನ್ನಾಗಿ ಬಿಸಿಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಇನ್ನೂ ಜಾಸ್ತಿ. ಹಾಸಿಗೆ ಮೇಲಿಟ್ಟು ಆಡಬೇಡಿ, ಮರದ ಮೇಜು ಒಳ್ಳೆಯದು.

ಕನೆಕ್ಟರಿನ ಕೊಳೆಗೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಬಿಚ್ಚಬೇಕಾದರೆ ಮುಚ್ಚಳವನ್ನು ನಿಧಾನಕ್ಕೆ ಎತ್ತಿ. ಕೀಬೋರ್ಡಿನಿಂದ ಬೋರ್ಡಿಗೆ ಹೋಗುವ ಎರಡು ತೆಳು ಪಟ್ಟಿಗಳು ನಲವತ್ತು ವರ್ಷದಲ್ಲಿ ಹಪ್ಪಳದ ಹಾಗಾಗಿರುತ್ತವೆ. ಮುರಿದರೂ ದುಃಖ ಬೇಡ, ಹೊಸ ಮೆಂಬ್ರೇನ್ (ಪಟ್ಟಿಗಳ ಸಮೇತ ಕೀಗಳ ಕೆಳಗಿರುವ ತೆಳು ಹಾಳೆ) ಈಗಲೂ ತಯಾರಾಗುತ್ತದೆ.

ಆಯುಧಪೂಜೆಯ ದಿನ ನಾವು ಇದಕ್ಕೂ ಹೂವು ಇಡುತ್ತೇವೆ. ಅರಿಶಿನ, ಕುಂಕುಮ ಮಾತ್ರ ಅದರ ರಟ್ಟಿನ ಡಬ್ಬದ ಮೇಲೆ.