ಗಡುವು ಮುಗಿದ ಮೇಲೆ ಪ್ರತಿವಾದಿ ಸೇರಿಸಬೇಕಾದರೆ ಅರ್ಜಿಯಲ್ಲಿ ಎರಡು ಕೋರಿಕೆ ಇರಲಿ

ಗಂಗಾವತಿ ಕೋರ್ಟಿನಲ್ಲಿ ನಾನು ವಕೀಲರ ಗುಮಾಸ್ತ. ಕಾರಟಗಿ ಕಡೆಯ ಒಬ್ಬ ಅಕ್ಕನ ಫೈಲು ಇನ್ನೂ ಕಣ್ಣ ಮುಂದಿದೆ. ಅಂಗಡಿ ಮುಂದೆ ನಿಂತಿದ್ದಾಗ ಸಜ್ಜಾ ಕುಸಿದು ಅವರ ಬಲಗಾಲು ಮುರಿದಿತ್ತು. ಇಂಥ ಪರಿಹಾರದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಅದು ಮುಗಿಯಲು 20 ದಿನ ಇದ್ದಾಗ ದಾವೆ ಹಾಕಿದರು. ಬೋರ್ಡಿನಲ್ಲಿ ಹೆಸರಿದ್ದವನೇ ಮಾಲೀಕ ಅಂತ ಅವನೊಬ್ಬನನ್ನೇ ಪ್ರತಿವಾದಿ ಮಾಡಿದ್ದರು. ಎರಡು ತಿಂಗಳ ಮೇಲೆ ಅವನ ಜವಾಬು ಬಂತು: ನಾನು ಬಾಡಿಗೆದಾರ, ಕಟ್ಟಡ ಬೇರೆಯವರದು.

"ಕೇಸು ಹೋತೇನಪ್ಪಾ ತಮ್ಮ?" ಅಂದರು ಅಕ್ಕ. ಇಲ್ಲ, ಹೋಗಿರಲಿಲ್ಲ. ಆದರೆ ಒಂದು ದಿನವೂ ಸುಮ್ನೆ ಕೂರುವ ಹಾಗಿರಲಿಲ್ಲ.

ನಿಮಗೂ ಹೀಗಾದರೆ ಮೊದಲು ನೋಡಬೇಕಾದದ್ದು, ವ್ಯಕ್ತಿಯೇ ಬೇರೆಯೋ, ಹೆಸರು ಮಾತ್ರ ತಪ್ಪೋ ಅಂತ. ಅದೇ ಮನುಷ್ಯನ ಹೆಸರು ತಪ್ಪಾಗಿದ್ದರೆ ವಾದಪತ್ರ ತಿದ್ದುಪಡಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 6 ರೂಲ್ 17ರ ಅರ್ಜಿ ಸಾಕು. ಗಾಯವಾದವರಿಗೆ ಆಗ 18 ತುಂಬಿರಲಿಲ್ಲ ಅಂದರೆ ಗಡುವಿನ ಲೆಕ್ಕವೇ ಬೇರೆ, ಹುಟ್ಟಿದ ತಾರೀಖು ನೋಡಿಕೊಳ್ಳಿ. ವಾಹನ ಅಪಘಾತದ ಕ್ಲೇಮಿಗೂ ಬೇರೆ ಕಾನೂನು ಇದೆ. ನಾನು ಹೇಳುತ್ತಿರುವುದು ಸಿವಿಲ್ ದಾವೆಯ ಮಾತು.

ಬೇರೆ ವ್ಯಕ್ತಿಯೇ ಆದರೆ ಆರ್ಡರ್ 1 ರೂಲ್ 10ರಲ್ಲಿ ಐಎ, ಅಂದರೆ ಮಧ್ಯಂತರ ಅರ್ಜಿ ಹಾಕಬೇಕು. ಯಾವ ಹಂತದಲ್ಲಿ ಬೇಕಾದರೂ ಕೋರ್ಟು ಪ್ರತಿವಾದಿಯನ್ನು ಸೇರಿಸಬಹುದು. ತೊಡಕಿರುವುದು 1963ರ ಲಿಮಿಟೇಶನ್ (ಗಡುವಿನ) ಕಾಯ್ದೆಯ 21ನೇ ಕಲಮಿನಲ್ಲಿ. ಹೊಸಬನ ಮಟ್ಟಿಗೆ ದಾವೆ ಶುರುವಾಗುವುದು ಅವನನ್ನು ಸೇರಿಸಿದ ದಿನದಿಂದ. ಅಂದರೆ ಗಡುವು ದಾಟಿದಂತೆಯೇ ಅಲ್ವಾ? ಅದಕ್ಕೇ ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇಟ್ಟಿದ್ದಾರೆ: ಹೆಸರು ಬಿಟ್ಟುಹೋಗಿದ್ದು ಪ್ರಾಮಾಣಿಕ ತಪ್ಪಿನಿಂದ ಅಂತ ಕೋರ್ಟಿಗೆ ಒಪ್ಪಿಗೆಯಾದರೆ, ಅವನ ಮೇಲಿನ ದಾವೆಯೂ ಹಿಂದಿನ ತಾರೀಖಿನಿಂದಲೇ ಶುರುವಾಯಿತು ಅಂತ ಆದೇಶ ಕೊಡಬಹುದು.

ಆದ್ದರಿಂದ ಅರ್ಜಿಯಲ್ಲಿ ಎರಡು ಕೋರಿಕೆ ಬೇಕು. ಇವರನ್ನು ಸೇರಿಸಿ ಅನ್ನುವುದು ಒಂದು. ಮೊದಲು ದಾವೆ ಹಾಕಿದ ತಾರೀಖಿನಿಂದಲೇ ಲೆಕ್ಕ ಹಿಡಿಯಿರಿ ಅನ್ನುವುದು ಇನ್ನೊಂದು. ಎರಡನೆಯದು ಬಿಟ್ಟ ಅರ್ಜಿಗಳನ್ನು ನಾನು ಜಾಸ್ತಿ ನೋಡಿದ್ದೇನೆ. ಹೊಸ ಪ್ರತಿವಾದಿ ಬಂದ ಕೂಡಲೇ ಗಡುವಿನ ತಕರಾರು ತೆಗೆಯುತ್ತಾನೆ, ಬಡವರ ಕೇಸು ಅಲ್ಲೇ ಕುಂಟುತ್ತದೆ.

ಪ್ರಾಮಾಣಿಕ ತಪ್ಪು ಅಂತ ಬಾಯಲ್ಲಿ ಹೇಳಿದರೆ ಸಾಲದು. ಎಚ್ಚರಿಕೆ, ಕಾಳಜಿ ಇಲ್ಲದೆ ಮಾಡಿದ್ದನ್ನು ಈ ಕಾಯ್ದೆ ಪ್ರಾಮಾಣಿಕ ಅಂತ ಒಪ್ಪುವುದೇ ಇಲ್ಲ. ಮಾಲೀಕ ಯಾರು ಅಂತ ನೀವು ವಿಚಾರಿಸಿದ್ದಕ್ಕೆ ಕಾಗದ ಬೇಕು. ಅಕ್ಕನ ಹತ್ತಿರ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಅಂಚೆ ಸ್ವೀಕೃತಿ ಕಾರ್ಡು ಸಿಕ್ಕಿತು. ಅಂಚು ಸವೆದಿತ್ತು, ಸಹಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ದಾವೆಗೆ ಮೊದಲು "ಕಟ್ಟಡದ ಮಾಲೀಕರಾದ ತಾವು" ಅಂತ ಕಳಿಸಿದ ನೋಟಿಸನ್ನು ಅಂಗಡಿಯವನು ತೆಗೆದುಕೊಂಡಿದ್ದ. ನಾನು ಮಾಲೀಕನಲ್ಲ ಅಂತ ಒಂದು ಸಾಲೂ ಬರೆದಿರಲಿಲ್ಲ. ಆ ಕಾರ್ಡು, ನೋಟಿಸಿನ ಪ್ರತಿ, ಜವಾಬು ನೋಡಿದ ಮೇಲೆ ನಗರಸಭೆಯಿಂದ ತಂದ ಖಾತಾ ಉತಾರ, ಇವಿಷ್ಟನ್ನೂ ಅಫಿಡವಿಟ್ ಜೊತೆ ಇಟ್ಟೆವು. ನಿಜ ಯಾವ ದಿನ ಗೊತ್ತಾಯಿತು, ಆಮೇಲೆ ಎಷ್ಟನೇ ದಿನ ಅರ್ಜಿ ಹಾಕಿದೆವು ಅಂತ ತಾರೀಖು ಹಾಕಿ ಬರೆದೆವು. ಕೋರ್ಟು ಎರಡು ಕೋರಿಕೆಯನ್ನೂ ಒಪ್ಪಿತು.

ಪ್ರತಿವಾದಿ ತೀರಿಕೊಂಡಿದ್ದರೆ ದಾರಿ ಬೇರೆ. ದಾವೆ ನಡೆಯುವಾಗ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ತರಬೇಕು, ಆರ್ಡರ್ 22 ರೂಲ್ 4. ಅದು ತಪ್ಪಿದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಬಿದ್ದುಹೋದ ದಾವೆಯನ್ನು ಮತ್ತೆ ಎಬ್ಬಿಸಲು ಇನ್ನು 60 ದಿನ, ಅದೂ ದಾಟಿದರೆ ವಿಳಂಬ ಮನ್ನಾ ಅರ್ಜಿ. ದಾವೆ ಹಾಕುವ ಮೊದಲೇ ತೀರಿಕೊಂಡಿದ್ದು ನಿಮಗೆ ಗೊತ್ತಿರಲಿಲ್ಲ ಅಂದರೆ ಆರ್ಡರ್ 1 ರೂಲ್ 10ರಲ್ಲೇ ವಾರಸುದಾರರನ್ನು ಸೇರಿಸಲು ಸುಪ್ರೀಂ ಕೋರ್ಟು 2017ರಲ್ಲಿ ದಾರಿ ತೋರಿಸಿದೆ.

ಆದೇಶ ಬಂತು ಅಂತ ಮನೆಗೆ ಹೋಗಿ ಮಲಗಬೇಡಿ. ಕೋರ್ಟು ಕೊಟ್ಟ ಸಮಯದೊಳಗೆ ತಿದ್ದಿದ ವಾದಪತ್ರ ಕೊಡಿ, ಸಮನ್ಸು ಕಳಿಸುವ ಪ್ರೊಸೆಸ್ ಫೀ ಕಟ್ಟಿ, ಹೊಸಬರ ಸರಿಯಾದ ವಿಳಾಸ ಹಾಕಿ. ಅಕ್ಕನ ಕೇಸಿನ ಮಾಲೀಕರು ಹೊಸಪೇಟೆಯಲ್ಲಿದ್ದರು. ಮೊದಲ ಸಮನ್ಸು ವಾಪಸ್ ಬಂತು, ಮನೆ ನಂಬರು ತಿದ್ದಿ ಕಳಿಸಿದ ಎರಡನೆಯದು ಮುಟ್ಟಿತು.