ಇಳಕಲ್ ಸೀರೆ: ಮೊದಲು ಸೆರಗು ತಿರುವಿ ನೋಡಿ

ಮನೆಯಲ್ಲಿ ಮದುವೆ ಗೊತ್ತಾದರೆ ಸಾಕು, ಹುಡುಗಿಯರು ಸೀರೆ ಅಂಗಡಿಗೆ ನನ್ನನ್ನೂ ಹೊರಡಿಸುತ್ತಾರೆ. ಬಣ್ಣ ಆರಿಸುವುದು ಅವರು. ನನ್ನದು ಸೆರಗು ತಿರುವಿ ನೋಡುವ ಕೆಲಸ. ಇಳಕಲ್ ಸೀರೆಯ ಜಾತಕ ಇರೋದೇ ಅಲ್ಲಿ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆಯ ಮೈ ಹತ್ತಿಯದ್ದೂ ಇರುತ್ತದೆ, ರೇಷ್ಮೆಯದ್ದೂ ಇರುತ್ತದೆ, ಚಮಕಾದ್ದೂ ಇರುತ್ತದೆ. ಚಮಕಾ ಅಂದರೆ ಆ ಕಡೆಯವರ ಬಾಯಲ್ಲಿ ಕೃತಕ ರೇಷ್ಮೆ. ಸೆರಗು ಮಾತ್ರ ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆ, ಹಣಿಗೆ, ಕೋಟೆಯ ಸಾಲು. ಮೈಯ ನೂಲೇ ಬೇರೆ, ಸೆರಗಿನ ನೂಲೇ ಬೇರೆ ಅಂದಮೇಲೆ ಎರಡನ್ನೂ ಸೇರಿಸಬೇಕಲ್ವಾ? ಮೈಯ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿನ, ಒಂದೊಂದು ಎಳೆಗೂ ಸೆರಗಿನ ಹಾಸಿನ ಎಳೆಯನ್ನು ಕೊಂಡಿ ಹಾಕುತ್ತಾರೆ. ಒಂದೆರಡಲ್ಲ, ಸಾವಿರಾರು ಎಳೆ. ಅದೂ ಪ್ರತಿ ಸೀರೆಗೂ ಹೊಸದಾಗಿ. ಆ ಗೆರೆಯ ಮೇಲೆ ಹೆಬ್ಬೆರಳು ಎಳೆದು ನೋಡಿ, ಸಣ್ಣಗೆ ತರಿತರಿಯಾಗಿ ಸಿಗುತ್ತದೆ. ಕೆಂಪು ಬಣ್ಣ ಸುಮ್ನೆ ನುಣ್ಣಗೆ ಶುರುವಾಗಿದ್ದರೆ, ಇಲ್ಲವೇ ಅಲ್ಲಿ ಹೊಲಿಗೆ ಕಂಡರೆ, ಅದು ಇಳಕಲ್ ತರಹದ ಸೀರೆ ಅಷ್ಟೇ. ಬೆಲೆಯೂ ಹಾಗೇ ಇದ್ದರೆ ತಗೊಳ್ಳಿ, ತಪ್ಪಿಲ್ಲ. ಕೈಮಗ್ಗದ ಬೆಲೆ ಕೊಡಬೇಡಿ.

ಇನ್ನೊಂದು ಗುರುತು ಅಂಚಿನಲ್ಲಿ. ಕೈಮಗ್ಗದಲ್ಲಿ ಬಟ್ಟೆ ಅಗಲಕ್ಕೆ ಬಿಗಿಯಾಗಿ ನಿಲ್ಲಲಿ ಅಂತ ಎರಡೂ ಬದಿಗೆ ಮೊಳೆ ಕಚ್ಚುವ ಕಡ್ಡಿ ಕೊಡುತ್ತಾರೆ. ಅದರ ಸೂಜಿಮೊನೆಯಷ್ಟು ತೂತುಗಳು ಅಂಚಿನುದ್ದಕ್ಕೂ ಉಳಿದಿರುತ್ತವೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಹರಿದಿದೆ ಅಂತ ವಾಪಸ್ ಕೊಟ್ಟವರನ್ನೂ ನಾನು ನೋಡಿದ್ದೇನೆ!

ಸೆರಗು ರೇಷ್ಮೆ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ತುದಿಯಿಂದ ಒಂದು ಎಳೆ ಎಳೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲೇ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೈಸೂರು ರೇಷ್ಮೆಗೆ ಇಷ್ಟೆಲ್ಲ ತಾಪತ್ರಯ ಬೇಡ. 1912ರಲ್ಲಿ ನಾಲ್ವಡಿಯವರ ಕಾಲಕ್ಕೆ ಶುರುವಾದ ಕಾರ್ಖಾನೆ ಈಗ ಸರ್ಕಾರಿ ನಿಗಮದ ಕೈಯಲ್ಲಿದೆ, ಪ್ರತಿ ಸೀರೆಗೂ ತನ್ನದೇ ಸಂಖ್ಯೆ ಇರುತ್ತದೆ. ಅದನ್ನು ನೋಡಿಕೊಂಡರೆ ಆಯಿತು.

ಈಗ ಒಗೆಯುವ ವಿಷಯ. ಮದುವೆಯಾದ ಹೊಸದರಲ್ಲಿ ನಾನು ಹಸಿರು ಹತ್ತಿಯ ಇಳಕಲ್ ಸೀರೆಯನ್ನು ಹಾಗೇ ಬಕೆಟ್‌ಗೆ ಅದ್ದಿ ಅಡುಗೆಮನೆಗೆ ಹೋದೆ. ಬಂದು ನೋಡಿದರೆ ನೀರೆಲ್ಲ ಕುಂಕುಮ. ಸೆರಗಿನ ಕೆಂಪು ಮೈಗೆ ಹತ್ತಿ ಮೊಳಕಾಲ ಹತ್ತಿರ ದೊಡ್ಡ ಮಚ್ಚೆ. ಆ ಸೀರೆ ಕೊನೆಗೆ ಕೌದಿಗೆ ಹೋಯಿತು. ಅಂದಿನಿಂದ ಸೆರಗನ್ನು ಬಕೆಟ್‌ನ ಹೊರಗೆ ಬಿಟ್ಟು ಮೈಯನ್ನಷ್ಟೇ ಒಗೆಯುತ್ತೇನೆ. ಸೆರಗಿಗೆ ಬೇರೆ ತಣ್ಣೀರು, ಸ್ವಲ್ಪ ಅಂಟುವಾಳದ ನೊರೆ, ಎರಡೇ ನಿಮಿಷ. ಹಿಂಡಬಾರದು. ಹಳೇ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಸೆರಗು ಮೈಗೆ ತಾಗದ ಹಾಗೆ ಉದ್ದಕ್ಕೆ ಹರವಿ ನೆರಳಲ್ಲಿ ಒಣಗಿಸಿ. ಫಾಲ್ ಬಟ್ಟೆಯನ್ನು ಹಚ್ಚುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಚು ಸುಕ್ಕು.

ನನ್ನಜ್ಜಿಗೆ ಈ ಫಾಲ್, ಲಂಗ ಯಾವುದೂ ಗೊತ್ತಿರಲಿಲ್ಲ. ಅವರದು ಹದಿನೆಂಟು ಮೊಳ, ಅಂದರೆ 9 ಗಜ. ಕಚ್ಚೆ ಹಾಕಿ ಉಟ್ಟರೆ ಹೊಲಕ್ಕೂ ಅದೇ, ಜಾತ್ರೆಗೂ ಅದೇ. ಹದಿನೆಂಟು ಮೊಳದ್ದು ನಿಮ್ಮ ಮನೆಯಲ್ಲಿದ್ದರೆ ಕತ್ತರಿಸಿ ಚೂಡಿದಾರ್ ಮಾಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಎತ್ತಿಡುವಾಗ ಗಂಜಿ ಹಾಕಿದ್ದನ್ನು ಹಾಗೇ ಇಡಬೇಡಿ, ಗಂಜಿಗೆ ಹುಳ ಬರುತ್ತದೆ. ಜರಿ ಇರುವುದನ್ನು ಹ್ಯಾಂಗರ್‌ಗೆ ತೂಗಬೇಡಿ. ನುಸಿಗುಳಿಗೆ ಜರಿಗೆ ತಾಗಿದರೆ ಕಪ್ಪಾಗುತ್ತದೆ, ಸೆಂಟೂ ಅಷ್ಟೇ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಮೂಲೆಗೆ ನಾಲ್ಕು ಲವಂಗದ ಪೊಟ್ಟಣ ಇಟ್ಟರೆ ಸಾಕು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ರೇಷ್ಮೆ ಸೀಳುವುದು ಉಟ್ಟಾಗಲ್ಲ, ಅದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದಾಗ.

ಮಡಿಕೆ ಬದಲಿಸುವ ದಿನ ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯೂ ಹೊರಗೆ ಬರುತ್ತದೆ. ಅದರ ಮೇಲೆ ಕಸೂತಿಯ ಗೋಪುರ, ತುಳಸಿಕಟ್ಟೆ, ತೇರು. ಗಂಟು ಹಾಕದೆ, ಎರಡೂ ಬದಿಗೆ ಒಂದೇ ತರಹ ಕಾಣುವ ಹಾಗೆ ಹಾಕುವ ಗವಂತಿ ಹೊಲಿಗೆಯ ಕಡೆ ಹುಡುಗಿಯರಿಗೆ ತೋರಿಸಿ ಗಂಟು ಹುಡುಕಿ ಅನ್ನುತ್ತೇನೆ. ಕನ್ನಡಕ ಇಲ್ಲದವರೂ ನನ್ನ ಕನ್ನಡಕ ಕೇಳಿ ಹಾಕಿಕೊಂಡು ಹುಡುಕುತ್ತಾರೆ.